ಗೋದಾಮಿನಿಂದ ಬಂದ ನಾಲ್ಕು ಫೋಟೋ

ಏಜೆಂಟ್ ಮೂಲಕ ಚೀನಾದ ಅಂಗಡಿಗೆ ಆರ್ಡರ್ ಹಾಕಿ ಒಂಬತ್ತನೇ ದಿನಕ್ಕೆ, ಏಜೆಂಟರ ಗೋದಾಮಿನಿಂದ ನಾಲ್ಕು ಫೋಟೋ ಬಂದವು. ಬೂದು ಬಣ್ಣದ ಮೇಜಿನ ಮೇಲೆ ನನ್ನ ಕ್ಯಾನ್ವಾಸ್ ಬ್ಯಾಗು. ಮುಂದಿನಿಂದ ಒಂದು, ಹಿಂದಿನಿಂದ ಒಂದು, ಪಕ್ಕದಿಂದ ಒಂದು, ಒಳಗಿನ ಲೇಬಲ್ಲಿನದು ಇನ್ನೊಂದು. ಮೂಲೆಯಲ್ಲಿ ಆರ್ಡರ್ ನಂಬರಿನ ಚೀಟಿ. ಫೋಟೋಗಳ ಕೆಳಗೆ ಎರಡು ಬಟನ್. ಒಂದು ಕಳಿಸಿ ಅನ್ನುವುದಕ್ಕೆ, ಇನ್ನೊಂದು ವಾಪಸ್ ಮಾಡಿ ಅನ್ನುವುದಕ್ಕೆ.

"ಚೆನ್ನಾಗೇ ಇದೆಯಲ್ಲ, ಒತ್ತಿಬಿಡು" ಅಂದರು ನಮ್ಮನೆಯವರು, ಹಿಂದಿನಿಂದ ಇಣುಕಿ.

ನಾನು ಒತ್ತಲಿಲ್ಲ. ಎರಡನೇ ಫೋಟೋ ದೊಡ್ಡದು ಮಾಡಿಕೊಂಡು ಕೂತೆ. ಹೆಗಲ ಪಟ್ಟಿ ಬ್ಯಾಗಿಗೆ ಸೇರುವ ಜಾಗ ನೋಡಿ. ಅಲ್ಲಿ ಒಂದು ಚೌಕ ಹೊಲಿದು, ಒಳಗೆ ಅಡ್ಡಡ್ಡ ಎರಡು ಗೆರೆ ಎಳೆದಿರಬೇಕು. ಬಲಗಡೆ ಪಟ್ಟಿಗೆ ಅದಿತ್ತು. ಎಡಗಡೆ ಏನೋ ಮಸುಕು. ನೆರಳೋ, ಹೊಲಿಗೆಯೇ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

ಒಂದೂವರೆ ವರ್ಷದಿಂದ ಈ ಏಜೆಂಟ್ ಸೇವೆ ಬಳಸುತ್ತಿದ್ದೇನೆ. ಹನ್ನೊಂದು ಆರ್ಡರ್ ಆಗಿವೆ. ಎರಡನ್ನು ಗೋದಾಮಿನಿಂದಲೇ ವಾಪಸ್ ಮಾಡಿಸಿದೆ. ಒಂದರಲ್ಲಿ ಕೈ ಸುಟ್ಟುಕೊಂಡೆ. ಆ ಸುಟ್ಟ ಕಥೆಯೂ ಇದರಲ್ಲಿ ಬರುವುದರಿಂದ ಸೇವೆಯ ಹೆಸರು ಹಾಕುತ್ತಿಲ್ಲ. ಇಂಥವು ಹೆಚ್ಚುಕಮ್ಮಿ ಒಂದೇ ತರಹ ನಡೆಯುತ್ತವೆ, ಹಾಗಾಗಿ ಹೆಸರಿಲ್ಲದಿದ್ದರೂ ನಿಮಗೆ ಉಪಯೋಗ ಆಗುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಚೀನಾದ ಟಾವೊಬಾವೊ 2003ರಲ್ಲಿ ಶುರುವಾದದ್ದು. 1688 ಅನ್ನುವುದು ಅಲ್ಲಿಯ ಸಗಟು ಮಾರಾಟದ ಜಾಗ. ಎರಡೂ ಮುಖ್ಯವಾಗಿ ಆ ದೇಶದ ಜನರಿಗಾಗಿ ಇರುವಂಥವು. ಎಷ್ಟೋ ಅಂಗಡಿಗಳು ಹೊರದೇಶಕ್ಕೆ ಕಳಿಸುವ ಗೋಜಿಗೇ ಹೋಗುವುದಿಲ್ಲ. ಅದಕ್ಕೆ ನಡುವೆ ಏಜೆಂಟ್. ನಮ್ಮ ಪರವಾಗಿ ಅವರು ಕೊಳ್ಳುತ್ತಾರೆ, ಸಾಮಾನು ಅವರ ಗೋದಾಮಿಗೆ ಬರುತ್ತದೆ, ಅಲ್ಲಿ ಬಿಚ್ಚಿ, ತೂಕ ಮಾಡಿ, ಫೋಟೋ ತೆಗೆದು ನಮಗೆ ತೋರಿಸುತ್ತಾರೆ. ನಾವು ಸೈ ಅಂದ ಮೇಲೆ ಎಲ್ಲಾ ಒಂದೇ ಡಬ್ಬಕ್ಕೆ ಹಾಕಿ ಗಡಿ ದಾಟಿಸುತ್ತಾರೆ. ದಾಟಿದ ಮೇಲೆ ವಾಪಸ್ ಅನ್ನುವ ಮಾತೇ ಇಲ್ಲ ಅಂದುಕೊಳ್ಳಿ. ಕಳಿಸುವ ಖರ್ಚೇ ಸಾಮಾನಿನ ಬೆಲೆ ಮೀರುತ್ತದೆ. ಅಂದರೆ ನಿಜವಾದ ವ್ಯಾಪಾರ ಆಗುವುದು ದುಡ್ಡು ಕಟ್ಟಿದಾಗ ಅಲ್ಲ, ಆ ಫೋಟೋ ನೋಡಿ ಬಟನ್ ಒತ್ತಿದಾಗ.

ನನಗೆ ಈ ನೋಡುವ ಚಾಳಿ ಹಳೆಯದು. ಎಂಟು ವರ್ಷ ಗಾರ್ಮೆಂಟ್ಸ್‌ನಲ್ಲಿ ಚೆಕ್ಕರ್ ಆಗಿದ್ದೆ. ಶರ್ಟು ಬರುತ್ತದೆ, ಕಾಲರ್, ಕಫ್, ಕಾಜಾ, ಪಕ್ಕದ ಹೊಲಿಗೆ, ಕೆಳಗಿನ ಮಡಿಕೆ. ಕಣ್ಣು ಅದೇ ದಾರಿಯಲ್ಲಿ ಓಡಬೇಕು. ತಪ್ಪು ಕಂಡರೆ ಬಾಣದ ಗುರುತಿನ ಕೆಂಪು ಸ್ಟಿಕ್ಕರ್ ಅಂಟಿಸಿ ಆಲ್ಟರ್‌ಗೆ, ಅಂದರೆ ತಿದ್ದಲು, ಎಸೆಯುವುದು. ಈಗಲೂ ಮದುವೆ ಮನೆಯಲ್ಲಿ ಯಾರಾದರೂ ಎದುರಿಗೆ ಬಂದು ನಿಂತರೆ ಮೊದಲು ಗುಂಡಿ ನೋಡುತ್ತೇನೆ, ಆಮೇಲೆ ಮುಖ.

ಅಲ್ಲಿ ಕಲಿತ ಒಂದು ಲೆಕ್ಕ ಹೇಳುತ್ತೇನೆ. ಕೊನೆಯ ತಪಾಸಣೆಯಲ್ಲಿ ಎಲ್ಲಾ ಪೀಸನ್ನೂ ಯಾರೂ ನೋಡುವುದಿಲ್ಲ. ಅದಕ್ಕೊಂದು ಕೋಷ್ಟಕ ಇದೆ, ಐಎಸ್‌ಒ 2859-1 ಅಂತ. ಅದರ ಮೂಲ ಅಮೆರಿಕದ ಸೈನ್ಯ ಮಾಡಿಕೊಂಡಿದ್ದ ಪಟ್ಟಿ. 500 ಪೀಸಿನ ಲಾಟ್ ಇದ್ದರೆ ಸಾಮಾನ್ಯ ಮಟ್ಟದಲ್ಲಿ 50 ಪೀಸ್ ಎಳೆದು ನೋಡುತ್ತಾರೆ. ದೊಡ್ಡ ತಪ್ಪಿಗೆ ಸಾಮಾನ್ಯವಾಗಿ ಇಟ್ಟುಕೊಳ್ಳುವ ಮಿತಿ ನೂರಕ್ಕೆ 2.5. ಆ ಮಿತಿಗೆ ಕೋಷ್ಟಕ ಕೊಡುವ ಲೆಕ್ಕದಲ್ಲಿ ಐವತ್ತರಲ್ಲಿ ಮೂರು ತಪ್ಪು ಸಿಕ್ಕರೂ ಲಾಟ್ ಪಾಸ್, ನಾಲ್ಕು ಸಿಕ್ಕರೆ ಫೇಲ್. ಅಂದರೆ ಪಾಸಾದ ಲಾಟಿನಲ್ಲೂ ಕೆಟ್ಟ ಪೀಸು ಇರಬಹುದು. ಅಂಗಡಿಗೆ ಎಷ್ಟೇ ಒಳ್ಳೆಯ ಹೆಸರಿರಲಿ, ಆ ಕೆಟ್ಟದ್ದು ಯಾರದ್ದಾದರೂ ಮನೆಗೆ ಹೋಗಲೇಬೇಕಲ್ಲ. ಮಾರುವವನ ಪುಟದಲ್ಲಿರುವುದು ಆರಿಸಿ, ಇಸ್ತ್ರಿ ಮಾಡಿ, ಲೈಟ್ ಬಿಟ್ಟು ತೆಗೆದ ಪೀಸು. ಗೋದಾಮಿನ ಫೋಟೋದಲ್ಲಿರುವುದು ನನ್ನ ಪೀಸು. ಈ ಸೇವೆಯಲ್ಲಿ ನಾನು ದುಡ್ಡು ಕೊಡುವುದು ಇದೊಂದಕ್ಕೇ.

ಬ್ಯಾಗಿಗೆ ಬರುತ್ತೇನೆ. ಮೊದಲು ನಾನು ಬರೆದ ಸಂದೇಶ "ಹೊಲಿಗೆ ಕ್ವಾಲಿಟಿ ಚೆಕ್ ಮಾಡಿ" ಅಂತ. ಅರ್ಧ ಗಂಟೆಗೆ ಉತ್ತರ ಬಂತು: ಪರೀಕ್ಷಿಸಿದ್ದೇವೆ, ತೊಂದರೆ ಇಲ್ಲ. ಇಂಥ ಪ್ರಶ್ನೆಗೆ ಇಂಥದ್ದೇ ಉತ್ತರ ಬರುವುದು. ತಪ್ಪು ನನ್ನದೇ. ಆಮೇಲೆ ಅವರ ಫೋಟೋವನ್ನೇ ತೆಗೆದುಕೊಂಡು, ಫೋನಿನಲ್ಲೇ ಎಡ ಪಟ್ಟಿಯ ಬುಡಕ್ಕೆ ಕೆಂಪು ಬಾಣ ಎಳೆದೆ. ಬಾಣದ ಪಕ್ಕ ಸ್ಕೇಲಿನ ಚಿತ್ರ ಬರೆದೆ. ಬಲ ಪಟ್ಟಿಗೂ ಇನ್ನೊಂದು ಬಾಣ. ಅಷ್ಟೇ, ಮಾತಿಲ್ಲ. ಕೆಂಪು ಸ್ಟಿಕ್ಕರಿಗೆ ಯಾವ ಭಾಷೆಯೂ ಬೇಕಿಲ್ಲ ಅನ್ನುವುದು ನನಗೆ ಮೊದಲೇ ಹೊಳೆಯಬೇಕಿತ್ತು.

ಮರುದಿನ ಎರಡು ಫೋಟೋ ಬಂದವು, ಹತ್ತಿರದಿಂದ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ತೆಗೆದದ್ದು. ಹೆಚ್ಚಿನ ಫೋಟೋಗೆ ಬೇರೆ ಚಾರ್ಜು ಇದೆ, ಚಿಲ್ಲರೆ ದುಡ್ಡು. ಎಣಿಸಿದೆ. ಬಲಗಡೆ 3 ಸೆಂಟಿಮೀಟರಿಗೆ ಹತ್ತು ಹೊಲಿಗೆ. ಇಂಚಿಗೆ ಎಂಟೂವರೆ ಅನ್ನಿ, ಬ್ಯಾಗಿಗೆ ಸರಿಯಾಗಿದೆ. ಎಡಗಡೆ ಅಷ್ಟೇ ಉದ್ದಕ್ಕೆ ಆರು. ಅದರಲ್ಲೂ ಒಂದು ಕಡೆ ದಾರ ಉದ್ದಕ್ಕೆ ಮೇಲೆ ತೇಲುತ್ತಿತ್ತು. ನಾವು ಇದಕ್ಕೆ ಸ್ಕಿಪ್ ಅನ್ನುತ್ತಿದ್ದೆವು. ಸೂಜಿ ಇಳಿದಿದೆ, ಕೆಳಗಿನ ದಾರ ಸಿಕ್ಕಿಲ್ಲ. ಒಳಗಿನ ಅಡ್ಡ ಗೆರೆಗಳಂತೂ ಇರಲೇ ಇಲ್ಲ. ಭಾರ ಹಾಕಿದರೆ ಮೊದಲು ಬಿಚ್ಚಿಕೊಳ್ಳುವುದು ಅದೇ ಜಾಗ. ವಾಪಸ್ ಒತ್ತಿದೆ. ಆರು ದಿನಕ್ಕೆ ಬೇರೆ ಬ್ಯಾಗು ಬಂತು, ಎರಡೂ ಕಡೆ ಹತ್ತು.

ಅದೇ ಸ್ಕೇಲಿನ ಫೋಟೋದಲ್ಲಿ ಜಿಪ್ಪೂ ಸಿಕ್ಕಿಬಿದ್ದಿತು. ಮುಚ್ಚಿದ ಹಲ್ಲಿನ ಅಗಲ ಹೆಚ್ಚುಕಮ್ಮಿ ಎಷ್ಟು ಮಿಲಿಮೀಟರೋ ಅದೇ ಜಿಪ್ಪಿನ ನಂಬರು. ಪುಟದಲ್ಲಿ 8ನೇ ನಂಬರ್ ಅಂತ ಹೇಳಿಕೊಂಡಿದ್ದರು, ಸ್ಕೇಲ್ ಪಕ್ಕ ಬರೀ 5 ಇತ್ತು. ಐದು ನಂಬರೂ ಸಾಕು, ಬಿಟ್ಟುಬಿಟ್ಟೆ. ಆದರೆ ಸುಳ್ಳು ಸುಳ್ಳೇ, ಅಲ್ವಾ.

ಎಲ್ಲವನ್ನೂ ಹೀಗೆ ಕಣ್ಣಲ್ಲಿ ಹಿಡಿಯಲು ಆಗುವುದಿಲ್ಲ. ತಂಗಿಗೆ ಅಂತ ಹತ್ತಿ ಬೆಡ್‌ಶೀಟ್ ತರಿಸಿದ್ದೆ. ಫೋಟೋ ನೋಡಿದರೆ ಒಂದು ಎಳೆಯೂ ಆಚೀಚೆ ಇಲ್ಲ, ಬಣ್ಣ ಸರಿ, ಅಂಚು ನೇರ. ಫೋಟೋ ಕೆಳಗೆ ಸಣ್ಣ ಅಕ್ಷರದಲ್ಲಿ ತೂಕ ಬರೆದಿದ್ದರು, 820 ಗ್ರಾಂ. ಯಾರೂ ಅದನ್ನು ಓದುವುದಿಲ್ಲ. ನಾನು ಓದಿದೆ. ಶೀಟು 250ಕ್ಕೆ 230 ಸೆಂಟಿಮೀಟರು, ಅಂದರೆ 5.75 ಚದರ ಮೀಟರ್. ಮಾರುವವನು ಚದರ ಮೀಟರಿಗೆ 200 ಗ್ರಾಂ ಬಟ್ಟೆ ಅಂದಿದ್ದ. ಗುಣಿಸಿದರೆ 1150 ಗ್ರಾಂ ಬರಬೇಕು. 820ನ್ನು 5.75ರಿಂದ ಭಾಗಿಸಿದರೆ 142, ಅದೂ ಕವರಿನ ತೂಕ ಸೇರಿಸಿ. ಇಂಥ ಬಟ್ಟೆ ಹಾಸಿದರೆ ಕೆಳಗಿನ ಹಾಸಿಗೆಯ ಡಿಸೈನ್ ಕಾಣುತ್ತದೆ. ಬಟ್ಟೆಯ ದಪ್ಪ ಕ್ಯಾಮೆರಾಗೆ ಸಿಗುವುದಿಲ್ಲ, ತಕ್ಕಡಿಗೆ ಸಿಗುತ್ತದೆ. ಲೆಕ್ಕ ಬರೆದು ಕಳಿಸಿದೆ. ಮಾರುವವನು ಒಂದು ಮಾತೂ ಆಡದೆ ವಾಪಸ್ ತೆಗೆದುಕೊಂಡ. ಅವನಿಗೂ ಗೊತ್ತಿತ್ತು ಅನ್ನಿಸುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಗೋದಾಮಿನ ಫೋಟೋ ನಂಬಿ ಕೆಡಬೇಡಿ. ಅನುಮಾನಿಸಿಯೂ ಕೆಡಬೇಡಿ. ನಮ್ಮನೆಯವರಿಗೆ ಒಂದು ಹಸಿರು ಕೋಟು ತರಿಸಿದೆ, ಪಾಚಿ ಹಸಿರು. ಫೋಟೋದಲ್ಲಿ ಬಂದದ್ದು ನೀಲಿಗೆ ತಿರುಗಿದ ಕಪ್ಪು. "ಇದು ಪೊಲೀಸ್ ಕೋಟು" ಅಂದರು ಅವರು. ವಾಪಸ್ ಮಾಡುವುದಕ್ಕೆ ಬೆರಳು ಇಟ್ಟಿದ್ದೆ. ಆದರೆ ಹಿಂದೆ ಗಾರ್ಮೆಂಟ್ಸ್‌ನಲ್ಲಿ ಬಣ್ಣ ಹೊಂದಿಸುವವರು ಬಟ್ಟೆಯನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟು, ಲೈಟ್ ಬದಲಿಸಿ ಬದಲಿಸಿ ನೋಡುತ್ತಿದ್ದದ್ದು ನೆನಪಾಯಿತು. ಒಂದು ಲೈಟಿನಲ್ಲಿ ಒಂದೇ ಬಣ್ಣ ಅನ್ನಿಸುವ ಎರಡು ತುಂಡು, ಇನ್ನೊಂದು ಲೈಟಿನಲ್ಲಿ ಬೇರೆ ಬೇರೆ ಕಾಣುತ್ತಿದ್ದವು. ಗೋದಾಮಿನಲ್ಲಿ ಇರುವುದು ತಣ್ಣನೆಯ ಬಿಳಿ ಟ್ಯೂಬು. 6500 ಕೆಲ್ವಿನ್ ಅಂತ ಬರೆದಿರುತ್ತಾರಲ್ಲ, ಅಂಥದ್ದು. ಮನೆಯ ಹಳದಿ ಬಲ್ಬು 2700. ಫೋನು ತಾನೇ ಊಹಿಸಿ ಬಣ್ಣ ತಿದ್ದುತ್ತದೆ. ಫೋಟೋ ತುಂಬ ಒಂದೇ ಬಣ್ಣದ ಕೋಟು ಇದ್ದರೆ ಅದರ ಊಹೆ ತಪ್ಪುತ್ತದೆ.

ಹಾಗಾಗಿ ಕೋಟಿನ ಮೇಲೆ ಒಂದು ಬಿಳಿ ಎ4 ಹಾಳೆ ಇಟ್ಟು ತೆಗೆಯಿರಿ ಅಂದೆ. ಬಂತು. ಹಾಳೆಯೇ ತಿಳಿ ನೀಲಿಯಾಗಿತ್ತು! ಬಿಳಿ ಹಾಳೆ ನೀಲಿ ಕಂಡರೆ ಕೋಟಿನ ನೀಲಿಯೂ ಲೈಟಿನದ್ದೇ. ಫೋನಿನ ಎಡಿಟ್‌ನಲ್ಲಿ ಹಾಳೆ ಬಿಳಿ ಆಗುವ ತನಕ ಬಣ್ಣ ಜರುಗಿಸಿದೆ, ಕೋಟು ಪಾಚಿಗೆ ಬಂದು ನಿಂತಿತು. ಮನೆಗೆ ಬಂದ ಮೇಲೆ ಬಾಗಿಲ ಬೆಳಕಿನಲ್ಲಿ ಹಿಡಿದು ನೋಡಿದೆವು, ಸರಿಯಾಗಿಯೇ ಇತ್ತು. ಹಾಳೆಯಿಂದ ಇನ್ನೊಂದು ಲಾಭ. ಎ4 ಎಲ್ಲಿ ಹೋದರೂ 210ಕ್ಕೆ 297 ಮಿಲಿಮೀಟರ್. ಪಕ್ಕದಲ್ಲಿರುವ ಜೇಬೋ ಕಾಲರೋ ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ. ಫೋನನ್ನು ಹತ್ತಿರ ಹಿಡಿದು ತೆಗೆದರೆ ಹತ್ತಿರದ್ದು ಉಬ್ಬಿ, ದೂರದ್ದು ಕುಗ್ಗುತ್ತದೆ.

ಅಳತೆಗೆ ಅಳತೆಯೇ ಕೇಳಬೇಕು. ಕೋಟಿನ ಎದೆ, ಕಂಕುಳಿನಿಂದ ಕಂಕುಳಿಗೆ, ಮಾರುವವನ ಅಳತೆ ಪಟ್ಟಿಯಲ್ಲಿ 56 ಸೆಂಟಿಮೀಟರ್. ಫೋಟೋದಲ್ಲಿ ಟೇಪು 54 ತೋರಿಸುತ್ತಿತ್ತು. ಒಂದು ಸೆಂಟಿಮೀಟರ್ ಆಚೀಚೆ ಆಗುವುದು ಮಾಮೂಲು, ಎರಡು ಜಾಸ್ತಿಯಾಯಿತು. ದೊಡ್ಡದು ಮಾಡಿ ನೋಡಿದೆ. ಬಲಗಡೆ ಸಂಖ್ಯೆ ಚೆನ್ನಾಗಿ ಕಾಣುತ್ತದೆ. ಎಡಗಡೆ ಬಿಳಿ ಗ್ಲೌಸಿನ ಒಂದು ಹೆಬ್ಬೆರಳು, ಟೇಪಿನ ತುದಿ ಅದರ ಕೆಳಗೆ. ಸೊನ್ನೆ ಎಲ್ಲಿಂದ ಶುರುವಾಗಿದೆ ಅಂತ ದೇವರಿಗೇ ಗೊತ್ತು. ಕೋಟಿನ ಬೆನ್ನೂ ಸರಿಯಾಗಿ ಹರಡಿರಲಿಲ್ಲ, ಕಂಕುಳಿನಲ್ಲಿ ಬಟ್ಟೆ ಒಳಗೆ ಮಡಚಿಕೊಂಡಿತ್ತು. ಬಾಣ ಎಳೆದು ಮತ್ತೆ ಕಳಿಸಿದೆ. ಎರಡನೇ ಸಲ 55.5 ಬಂತು.

ಆ ಹೆಬ್ಬೆರಳಿನ ಮೇಲೆ ನನಗೆ ಸಿಟ್ಟಿಲ್ಲ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಹೊತ್ತು ನಿಂತವರ ಕೈ ಹೇಗೆ ಓಡುತ್ತದೆ ಅಂತ ನನಗೆ ಗೊತ್ತು. ಆ ಕೈಗೆ "ಚೆನ್ನಾಗಿ ನೋಡಿ" ಅಂದರೆ ಏನೂ ಅರ್ಥವಾಗುವುದಿಲ್ಲ. "ಇಲ್ಲಿ ಸ್ಕೇಲ್ ಇಡಿ" ಅಂದರೆ ಇಡುತ್ತದೆ.

ಟೇಬಲ್ ಲ್ಯಾಂಪಿನ ಕಥೆ ಚಿಕ್ಕದು. ಉರಿಯುತ್ತದೋ ಇಲ್ಲವೋ ಫೋಟೋದಿಂದ ತಿಳಿಯುವುದಿಲ್ಲ, ಹಚ್ಚಿ ಆರಿಸುವ ವಿಡಿಯೋ ಕೇಳಿದೆ, ಕಳಿಸಿದರು. ಅದಕ್ಕಿಂತ ಮುಖ್ಯ ಅಡಾಪ್ಟರಿನ ಬೆನ್ನಿನ ಫೋಟೋ. ಇನ್‌ಪುಟ್ 100-240 ವೋಲ್ಟ್, 50/60 ಹರ್ಟ್ಸ್ ಅಂತಿದ್ದರೆ ಪ್ಲಗ್ ಮಾತ್ರ ಬದಲಿಸಿದರೆ ಸಾಕು. ಬರೀ 220 ಅಂತಿದ್ದರೆ ನಿಮ್ಮ ಮನೆಯ ವೋಲ್ಟೇಜ್ ನೋಡಿಕೊಂಡು ಮುಂದುವರಿಯಿರಿ. ವಾಸನೆ, ಸದ್ದು, ಕೈಗೆ ಒರಟೋ ನುಣುಪೋ ಅನ್ನುವುದು, ಇವೆಲ್ಲ ಫೋಟೋಗೆ ಬರುವುದಿಲ್ಲ. ಪಿಂಗಾಣಿ ಕಪ್ಪಿನ ಸಣ್ಣ ಬಿರುಕೂ ಬರುವುದಿಲ್ಲ. ನಾಲ್ಕರಲ್ಲಿ ಒಂದು ಕಪ್ಪು ಹಾಗೆ ಬಂದು ಈಗ ಪೆನ್ನಿಡುವ ಡಬ್ಬಿಯಾಗಿದೆ.

ಇನ್ನು ಕೈ ಸುಟ್ಟುಕೊಂಡ ಕಥೆ. ಶೂ. ಗೋದಾಮಿಗೆ ತಲುಪಿತು ಅಂತ ಸಂದೇಶ ಬಂದದ್ದು ಒಂದು ಶುಕ್ರವಾರ. ಫೋಟೋ ಹಾಕಿದ್ದು ಮಂಗಳವಾರ. ನೋಡಿದರೆ ಎಡ ಶೂವಿನ ಹಿಮ್ಮಡಿಯ ತುಂಡು ಸ್ವಲ್ಪ ವಾಲಿದೆ. ಅಡಿಯ ಅಂಚಿನಲ್ಲಿ ಗೋಂದು ಹಳದಿಯಾಗಿ ಉಕ್ಕಿದೆ. ಎರಡೂ ಹಿಮ್ಮಡಿಗಳನ್ನು ಜೋಡಿಸಿ ಹಿಂದಿನಿಂದ ಒಂದು ಫೋಟೋ ತೆಗೆಯಿರಿ ಅಂದೆ. ಅದು ಬರುವ ಹೊತ್ತಿಗೆ ಮುಂದಿನ ಶನಿವಾರ. ವಾಪಸ್ ಒತ್ತಿದರೆ ಮಾರುವವನು ಒಪ್ಪಲಿಲ್ಲ, ಅವಧಿ ಮುಗಿದಿದೆ ಅಂದ.

ಅವನ ಮಾತು ಕಾನೂನು ಪ್ರಕಾರ ಸರಿಯೇ. ಚೀನಾದ ಗ್ರಾಹಕ ಕಾನೂನಿನಲ್ಲಿ, 2014ರ ಮಾರ್ಚ್ 15ರಿಂದ, ಆನ್‌ಲೈನ್‌ನಲ್ಲಿ ಕೊಂಡದ್ದನ್ನು 7 ದಿನದೊಳಗೆ ಕಾರಣ ಹೇಳದೆ ವಾಪಸ್ ಮಾಡಬಹುದು. ವಾಪಸ್ ಕಳಿಸುವ ಖರ್ಚು ಸಾಮಾನ್ಯವಾಗಿ ಕೊಂಡವರದ್ದು. ನಮಗೆಂದೇ ಅಳತೆ ಕೊಟ್ಟು ಮಾಡಿಸಿದ್ದಕ್ಕೆ ಇದು ಇಲ್ಲ. ಆದರೆ ಆ ಏಳು ದಿನ ಶುರುವಾಗುವುದು ಸಾಮಾನು ಕೈ ಸೇರಿದ ದಿನದಿಂದ. ಕೈ ಅಂದರೆ ಗೋದಾಮಿನ ಕೈ, ನನ್ನ ಕಣ್ಣಲ್ಲ. ನಾಲ್ಕು ದಿನ ಅವರ ಕಪಾಟಿನಲ್ಲೇ ಕಳೆದುಹೋಗಿತ್ತು. ಏಜೆಂಟರನ್ನು ಕೇಳಿದರೆ, ಸಣ್ಣ ವ್ಯತ್ಯಾಸಗಳು ಸಹಜ, ದಯವಿಟ್ಟು ಅರ್ಥ ಮಾಡಿಕೊಳ್ಳಿ ಅನ್ನುವ ಒಂದೇ ಉತ್ತರ ಮೂರು ಸಲ, ಅಕ್ಷರವೂ ಬದಲಾಗದೆ ಬಂತು. ತಡ ಮಾಡಿದ್ದು ಅವರು, ಅರ್ಥ ಮಾಡಿಕೊಳ್ಳಬೇಕಾದವಳು ನಾನು. ಈ ಸೇವೆಗೆ ನಾನು ಅಂಕ ಕಡಿಯುವುದು ಇಲ್ಲೇ. ಫೋಟೋ ಸ್ಪಷ್ಟವಾಗಿರುತ್ತದೆ, ಕೇಳಿದ ಜಾಗವನ್ನು ನಿಯತ್ತಾಗಿ ತೆಗೆಯುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವತ್ತು ತೆಗೆಯುತ್ತಾರೆ ಅನ್ನುವುದಕ್ಕೆ ಗ್ಯಾರಂಟಿ ಇಲ್ಲ. ಏಳು ದಿನದ ಆಟದಲ್ಲಿ ನಾಲ್ಕು ದಿನ ತಿನ್ನುವುದು ಸಣ್ಣ ತಪ್ಪಲ್ಲ.

ಆ ಶೂ ಹಾಕಿಕೊಂಡೇ ಓಡಾಡುತ್ತಿದ್ದೇನೆ, ಬಿಸಾಡಲು ಮನಸ್ಸು ಬರಲಿಲ್ಲ. ಅದರಿಂದ ಒಂದು ಒಳ್ಳೆಯದೂ ಆಯಿತು ಅನ್ನಬೇಕು. ಶೂವಿನ ರಟ್ಟಿನ ಡಬ್ಬದ ಫೋಟೋ ನೋಡಿ ಲೆಕ್ಕ ಹಾಕಿದ್ದೆ. 35, 22, 13 ಸೆಂಟಿಮೀಟರ್. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದರೆ ಎರಡು ಕಿಲೋ. ಕೊರಿಯರಿನವರು ಎಷ್ಟೋ ಸಲ ತೂಕದ ಬದಲು ಈ ಗಾತ್ರದ ತೂಕಕ್ಕೇ ದುಡ್ಡು ಹಾಕುತ್ತಾರೆ. ಶೂ ಇದ್ದದ್ದು ಒಂದು ಕಿಲೋ ಚಿಲ್ಲರೆ. ಡಬ್ಬ ಬಿಸಾಡಿ, ಶೂ ಒಳಗೆ ಕಾಗದ ತುರುಕಿ ಕಳಿಸಿ ಅಂದೆ, ಹಾಗೇ ಮಾಡಿದರು.

ಈಗ ನಾನು ಫೋಟೋ ಬಂದ ಮೇಲೆ ಕೇಳುವುದನ್ನು ಆದಷ್ಟು ಬಿಟ್ಟಿದ್ದೇನೆ. ಆರ್ಡರ್ ಹಾಕುವಾಗಲೇ ಸೂಚನೆ ಬರೆಯುವ ಒಂದು ಸಣ್ಣ ಜಾಗ ಇರುತ್ತದೆ, ಅಲ್ಲೇ ಬರೆದುಬಿಡುತ್ತೇನೆ. ಎರಡು ಪಟ್ಟಿಯ ಬುಡ, ಸ್ಕೇಲ್ ಇಟ್ಟು. ಬಿಳಿ ಹಾಳೆ ಇಟ್ಟು ಒಂದು. ಟೇಪಿನ ಎರಡೂ ತುದಿ ಕಾಣುವ ಹಾಗೆ ಎದೆ ಅಳತೆ. ಮೂರಕ್ಕಿಂತ ಜಾಸ್ತಿ ಬರೆಯುವುದಿಲ್ಲ. ನಾಲ್ಕನೆಯದನ್ನು ಯಾರೂ ಓದುವುದಿಲ್ಲ. ಹೀಗೆ ಮಾಡಿದ ಮೇಲೆ ಮೊದಲ ಸುತ್ತಿನಲ್ಲೇ ಬೇಕಾದದ್ದು ಬರುತ್ತಿದೆ, ಎರಡು ದಿನ ಉಳಿಯುತ್ತದೆ.

ನನ್ನನ್ನು ಕೇಳಿದವರಲ್ಲಿ ಕೆಲವರು ದೊಡ್ಡ ಬ್ರ್ಯಾಂಡಿನ ನಕಲಿ ಮಾಲಿನ ಫೋಟೋ ಕಳಿಸಿ, ಅಸಲಿಗೆ ಎಷ್ಟು ಹತ್ತಿರ ಇದೆ ಹೇಳಿ ಅನ್ನುತ್ತಾರೆ. ಅದನ್ನು ನಾನು ನೋಡುವುದಿಲ್ಲ. ಕಸ್ಟಮ್ಸ್‌ನಲ್ಲಿ ಹಿಡಿದರೆ ಸಾಮಾನೂ ಹೋಯಿತು ದುಡ್ಡೂ ಹೋಯಿತು. ಹೊಲಿಗೆ ಒಳ್ಳೆಯದೋ ಕೆಟ್ಟದ್ದೋ ಕೇಳಿ, ಹೇಳುತ್ತೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಫೋಟೋ ಬೇಗ ಹಾಕುವ ದಿನ ಬಂದರೆ ನಾಲ್ಕೂವರೆ.

ಇವತ್ತು ಬೆಳಿಗ್ಗೆ ಪರದೆ ಬಟ್ಟೆಯ ಫೋಟೋ ಬಂದಿವೆ. ಗೋದಾಮಿಗೆ ತಲುಪಿದ್ದು ನಿನ್ನೆ, ಪರವಾಗಿಲ್ಲ. ಅದೇ ಬಿಳಿ ಗ್ಲೌಸು, ಆದರೆ ಹೆಬ್ಬೆರಳು ಈ ಸಲ ಪಕ್ಕಕ್ಕೆ ಸರಿದಿದೆ. ಟೇಪಿನ ತುದಿಯ ಲೋಹದ ತುಂಡು ಬಟ್ಟೆಯ ಅಂಚಿಗೆ ಸರಿಯಾಗಿ ಕೂತಿದೆ. ಉದ್ದ ಸರಿ, ತೂಕ ಸರಿ. ಕೆಳಗಿನ ಮಡಿಕೆ ಮಾತ್ರ ಮೇಜಿನಿಂದ ಆಚೆ ಬಿದ್ದಿದೆ, ಕಾಣುತ್ತಿಲ್ಲ. ಬಾಣ ಎಳೆದು ಕಳಿಸಿದ್ದೇನೆ. "ಇನ್ನೂ ಒತ್ತಿಲ್ವಾ?" ಅಂತ ಒಳಗಿನಿಂದ ಕೇಳುತ್ತಿದ್ದಾರೆ.